ಪೂರ್ವಾಭಿಮುಖ ನೀತಿ: ನರಸಿಂಹರಾವ್ ಅವರ ರಾಜತಂತ್ರ ಮತ್ತು ನಮ್ಮ ವಾಣಿಜ್ಯ

1991ರ ಜೂನ್ 21ರಂದು ಶ್ರೀ ಪಿ.ವಿ. ನರಸಿಂಹರಾವ್ ಅವರು ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ದೇಶದ ವಿದೇಶಿ ವಿನಿಮಯ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೂ ವಿಸರ್ಜನೆಗೊಂಡಿತು. ರೂಪಾಯಿ-ರೂಬಲ್ ವ್ಯವಸ್ಥೆಯನ್ನು ನೆಚ್ಚಿಕೊಂಡು ಚಹಾ, ಕಾಫಿ, ಚರ್ಮದ ವಸ್ತುಗಳನ್ನು ಕಳುಹಿಸುತ್ತಿದ್ದ ರಫ್ತುದಾರರಿಗೆ ಇದು ಗ್ರಾಹಕನೇ ಕಣ್ಮರೆಯಾದಂತಹ ಆಘಾತ. ದೇಶದ ಕಾಫಿಯ ಬಹುಪಾಲನ್ನು ಬೆಳೆಯುವ ಕರ್ನಾಟಕಕ್ಕೆ ಅದರ ಬಿಸಿ ತಟ್ಟದೆ ಇರಲಿಲ್ಲ.

ಭಾರತದಲ್ಲಿ ಅಂತಾರಾಷ್ಟ್ರೀಯ ಒಪ್ಪಂದಗಳಿಗೆ ಸಂಸತ್ತಿನ ಪೂರ್ವಾನುಮೋದನೆ ಕಡ್ಡಾಯವಲ್ಲ. ಆದಕಾರಣ ವಿದೇಶಾಂಗ ನೀತಿಯ ದಿಕ್ಕು ಪ್ರಧಾನಿಯ ವಿವೇಚನೆಯನ್ನು ಬಹುವಾಗಿ ಅವಲಂಬಿಸಿರುತ್ತದೆ. ರಾವ್ ಅವರು ಹಿಂದೆ ಎರಡು ಬಾರಿ ವಿದೇಶಾಂಗ ಸಚಿವರಾಗಿದ್ದವರು. ಪ್ರಧಾನಿಯಾದ ಮೇಲೂ 1992-93ರಲ್ಲಿ ಕೆಲಕಾಲ ಆ ಖಾತೆಯನ್ನು ತಾವೇ ವಹಿಸಿಕೊಂಡಿದ್ದರು. ಆದರೆ ಅವರ ಸರ್ಕಾರಕ್ಕೆ ಆರಂಭದಲ್ಲಿ ಲೋಕಸಭೆಯಲ್ಲಿ ಬಹುಮತವಿರಲಿಲ್ಲ. ಹಳೆಯ ನೀತಿಯನ್ನು ಬಹಿರಂಗವಾಗಿ ತಿರಸ್ಕರಿಸುವುದು ಆಗದ ಮಾತು. ಆದ್ದರಿಂದ ಅಲಿಪ್ತ ನೀತಿಯ ಪರಿಭಾಷೆಯನ್ನು ಹಾಗೆಯೇ ಉಳಿಸಿಕೊಂಡು, ಆಚರಣೆಯನ್ನು ಸದ್ದಿಲ್ಲದೆ ಬದಲಿಸಿದರು. 1992ರ ಜನವರಿಯಲ್ಲಿ ಇಸ್ರೇಲ್‌ನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. 1994ರಲ್ಲಿ ಜಿನೀವಾದ ಮಾನವ ಹಕ್ಕುಗಳ ಆಯೋಗದಲ್ಲಿ ಕಾಶ್ಮೀರದ ವಿಷಯ ಬಂದಾಗ, ಭಾರತದ ನಿಯೋಗದ ನೇತೃತ್ವವನ್ನು ವಿರೋಧ ಪಕ್ಷದ ಶ್ರೀ ಅಟಲ್ ಬಿಹಾರಿ ವಾಜಪೇಯಿ ಅವರಿಗೇ ಒಪ್ಪಿಸಿದರು. ಅಷ್ಟು ಚತುರ ನಡೆ ಇತ್ತೀಚಿನ ದಶಕಗಳಲ್ಲಿ ವಿರಳವೆಂದೇ ಹೇಳಬೇಕು.

ವಾಣಿಜ್ಯ ವಲಯಕ್ಕೆ ಅತ್ಯಂತ ಪ್ರಸ್ತುತವಾದುದು ಅವರ ಪೂರ್ವಾಭಿಮುಖ ನೀತಿ. ದೇಶಕ್ಕೆ ಆಗ ಬಂಡವಾಳ ಬೇಕಿತ್ತು, ಮಾರುಕಟ್ಟೆ ಬೇಕಿತ್ತು. ಎರಡೂ ಪೂರ್ವ ಏಷ್ಯಾದಲ್ಲಿದ್ದವು. ಆಸಿಯಾನ್ ಒಕ್ಕೂಟವು 1992ರಲ್ಲಿ ಭಾರತವನ್ನು ನಿರ್ದಿಷ್ಟ ವಲಯಗಳಿಗೆ ಸೀಮಿತವಾದ ಸಂವಾದ ಪಾಲುದಾರನನ್ನಾಗಿ ಸ್ವೀಕರಿಸಿತು. 1995ರಲ್ಲಿ ಪೂರ್ಣ ಪಾಲುದಾರಿಕೆಗೆ ಸಮ್ಮತಿಸಿತು. 1993ರ ಸೆಪ್ಟೆಂಬರಿನಲ್ಲಿ ರಾವ್ ಅವರ ಚೀನಾ ಭೇಟಿಯ ವೇಳೆ ಗಡಿಯಲ್ಲಿ ಶಾಂತಿ ಕಾಪಾಡುವ ಒಪ್ಪಂದಕ್ಕೆ ಸಹಿ ಬಿತ್ತು; ಅದೇ ತಿಂಗಳು ಅವರು ದಕ್ಷಿಣ ಕೊರಿಯಾಕ್ಕೂ ತೆರಳಿದರು. ಉತ್ತರದ ಗಡಿ ಶಾಂತವಾಗದೆ ಪೂರ್ವದ ವ್ಯಾಪಾರಕ್ಕೆ ಮನಸ್ಸು ಕೊಡಲಾಗದು ಎಂಬ ಲೆಕ್ಕಾಚಾರ ಇದರ ಹಿಂದೆ ಇದ್ದಿರಬೇಕೆಂಬುದು ನಮ್ಮ ಊಹೆ.

ಸಿಂಗಪುರದ ಪ್ರಧಾನಿ ಗೋ ಚೋಕ್ ಟಾಂಗ್ 1994ರ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದರು. ಆ ಸೆಪ್ಟೆಂಬರಿನಲ್ಲಿ ರಾವ್ ಅವರು ಸಿಂಗಪುರದಲ್ಲಿ ನೀಡಿದ ಉಪನ್ಯಾಸದಲ್ಲಿ ಏಷ್ಯಾ-ಪೆಸಿಫಿಕ್ ಪ್ರದೇಶದೊಡನೆ ಭಾರತದ ಹೊಸ ಬಾಂಧವ್ಯವನ್ನು ವಿವರಿಸಿದರು. ಈ ಮೈತ್ರಿಯ ಫಲ ಬೆಂಗಳೂರಿಗರ ಕಣ್ಣೆದುರಿಗೇ ಇದೆ: ವೈಟ್‌ಫೀಲ್ಡ್‌ನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಸಿಂಗಪುರದ ಸಂಸ್ಥೆಗಳು, ಟಾಟಾ ಸಮೂಹ ಹಾಗೂ ಕರ್ನಾಟಕ ಸರ್ಕಾರದ ಜಂಟಿ ಉದ್ಯಮವಾಗಿ ರೂಪುಗೊಂಡಿತು.

ಆದರೂ ನೀತಿಯಷ್ಟು ವೇಗದಲ್ಲಿ ಸುಂಕದ ಪಟ್ಟಿ ಬದಲಾಗಲಿಲ್ಲ. 1997ರ ಪೂರ್ವ ಏಷ್ಯಾದ ಆರ್ಥಿಕ ಬಿಕ್ಕಟ್ಟೂ ಅಡ್ಡಬಂತು. ಸಿಂಗಪುರದೊಡನೆ ಸಮಗ್ರ ಆರ್ಥಿಕ ಒಪ್ಪಂದವಾದದ್ದು 2005ರಲ್ಲಿ. ಆಸಿಯಾನ್ ಜೊತೆಗಿನ ಸರಕು ಒಪ್ಪಂದ ಹಾಗೂ ಕೊರಿಯಾದೊಡನೆಯ ಒಪ್ಪಂದ ಜಾರಿಗೆ ಬರುವಷ್ಟರಲ್ಲಿ 2010 ಬಂದಿತ್ತು. ರಾವ್ ಅವರು ಹಾಕಿದ ತಳಹದಿಯ ಮೇಲೆ ಅನಂತರದ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ಕಟ್ಟುತ್ತಲೇ ಹೋದವು. 2014ರಲ್ಲಿ ನೀತಿಯ ಹೆಸರಿನಲ್ಲಿ 'ನೋಟ'ದ ಜಾಗಕ್ಕೆ 'ಕ್ರಿಯೆ' ಬಂತು.

ಲೆಕ್ಕಪತ್ರದ ಇನ್ನೊಂದು ಬದಿಯನ್ನೂ ನೋಡಬೇಕು. ಒಪ್ಪಂದದ ತರುವಾಯ ಆಸಿಯಾನ್ ದೇಶಗಳಿಂದ ಆಮದು ನಮ್ಮ ರಫ್ತಿಗಿಂತ ಹೆಚ್ಚಾಗಿ ಬೆಳೆಯಿತು. ಅಗ್ಗದ ಆಮದಿನಿಂದ ಬೆಲೆ ಕುಸಿಯುವುದೆಂಬ ಆತಂಕವನ್ನು ಮೆಣಸಿನ ಬೆಳೆಗಾರರು ಪದೇ ಪದೇ ವ್ಯಕ್ತಪಡಿಸಿದ್ದಾರೆ. 2019ರ ನವೆಂಬರಿನಲ್ಲಿ ಭಾರತವು ಆರ್‌ಸಿಇಪಿ ಒಪ್ಪಂದದಿಂದ ಹೊರಗುಳಿಯಲು ತೀರ್ಮಾನಿಸಿತು. ಆಸಿಯಾನ್ ಸರಕು ಒಪ್ಪಂದವನ್ನು ಪುನರ್‌ಪರಿಶೀಲಿಸಲು 2023ರಲ್ಲಿ ಎರಡೂ ಕಡೆಯವರು ಒಪ್ಪಿಕೊಂಡರು.