ಎಥೆಲ್ರೆಡ್‌ನ ಬೆಳ್ಳಿ ಪೆನ್ನಿ: ಓದೋದು ಹೇಗೆ, ಬೆಲೆ ಕಟ್ಟೋದು ಹೇಗೆ?

ಇಂಗ್ಲೆಂಡಿನ ಹೊಲವೊಂದರಲ್ಲಿ ಸುಮಾರು ಒಂದೂವರೆ ಗ್ರಾಂ ತೂಕದ, ತೆಳ್ಳನೆಯ ಬೆಳ್ಳಿ ನಾಣ್ಯ ಸಿಕ್ಕಿತು ಅಂದುಕೊಳ್ಳಿ. ಶಾಸನ ಓದುವವರ ಹಾಗೆ ನಾನು ಮೊದಲು ನೋಡೋದು ಅಕ್ಷರಗಳನ್ನು.

ಮುಮ್ಮುಖದಲ್ಲಿ ರಾಜನ ತಲೆ, ಸುತ್ತ ಎಥೆಲ್ರೆಡ್ ಎಂಬ ಹೆಸರು. ಹಿಮ್ಮುಖದಲ್ಲಿ ಅಂಚು ಮುಟ್ಟುವ ಜೋಡಿಗೆರೆಯ ಶಿಲುಬೆ ಇದ್ದರೆ ಅದು ಸುಮಾರು ಕ್ರಿ.ಶ. 997–1003ರದು. ಸುತ್ತಲೂ ಟಂಕಿಸಿದವನ ಹೆಸರು, ಟಂಕಸಾಲೆಯ ಊರು. ಇಲ್ಲೊಂದು ತೊಡಕಿದೆ: ‘ಗಾಡ್‌ಪಿನ್’ ಅಂತ ಕಂಡದ್ದು ನಿಜಕ್ಕೂ ‘ಗಾಡ್‌ವಿನ್’. ‘ಪಿ’ಯಂತೆ ಕಾಣುವ ಆ ‘ವಿನ್’ ಅಕ್ಷರ, ನಮ್ಮ ಱ, ೞಗಳಂತೆ ಬಳಕೆ ತಪ್ಪಿದ್ದು.

ಬೆಲೆ ನಿಂತಿರೋದು ಬೆಳ್ಳಿಯ ತೂಕದ ಮೇಲಲ್ಲ. ಲಂಡನ್ ಟಂಕಸಾಲೆಯವು ಬೇಕಾದಷ್ಟಿವೆ. ಸಣ್ಣ ಊರಿನವು ಅಪರೂಪ, ಹಾಗಾಗಿ ದುಬಾರಿ. ಬಿರುಕು, ಬಾಗು, ಉಜ್ಜಿದ ಗುರುತು ಇದ್ದರೆ ಬೆಲೆ ಇಳಿಯುತ್ತೆ. ಅದಕ್ಕೇ ದಯವಿಟ್ಟು ಉಜ್ಜಬೇಡಿ.

1996ರ ನಿಧಿ ಕಾಯ್ದೆಯಂತೆ, 300 ವರ್ಷಕ್ಕಿಂತ ಹಳೆಯ ಎರಡು ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕರೆ ವರದಿ ಕಡ್ಡಾಯ. ಒಂಟಿ ನಾಣ್ಯಕ್ಕೆ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲ. ಆದರೂ ಸಿಕ್ಕ ಜಾಗವನ್ನು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ದಾಖಲಿಸಬೇಕು. ನಾಣ್ಯ ಕೈಬದಲಾದರೂ ಮತ್ತೆ ಓದಬಹುದು. ಸಿಕ್ಕ ಜಾಗ ಮರೆತುಹೋದರೆ ಮತ್ತೆ ಓದೋಕೆ ಏನೂ ಉಳಿಯಲ್ಲ.