ಐದು ನಿಮಿಷ ಮತ್ತು ಒಂದು ಚೀಟಿ: ಮಕ್ಕಳ ಮೂರ್ಛೆಗೆ ತುರ್ತು ಔಷಧಿ

ನಾನು ಕುಂದುರ್ಪಿಯವಳು. ನಮ್ಮಲ್ಲಿ ಮಗುವಿಗೆ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸ್ತಾರೆ. ಅದರಿಂದ ಸೆಳೆತ ನಿಲ್ಲುವುದಿಲ್ಲ. 5 ನಿಮಿಷ ದಾಟಿದ ಸೆಳೆತ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ. ಕಲ್ಯಾಣದುರ್ಗದ ದಾರಿ ಅದಕ್ಕಿಂತ ಉದ್ದ. ಆದ್ದರಿಂದ ಔಷಧಿ ಮನೆಯಲ್ಲೇ ಇರಬೇಕು: ಮೂಗಿಗೆ ಸಿಂಪಡಿಸುವ ಮಿಡಜೋಲಾಮ್, ಇಲ್ಲವೇ ಗುದದ್ವಾರದಿಂದ ಕೊಡುವ ಡಯಾಜೆಪಾಮ್. ರಕ್ತನಾಳಕ್ಕೆ ಕೊಡುವ ಲೊರಾಜೆಪಾಮ್ ಆಸ್ಪತ್ರೆಯ ಕೆಲಸ. ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರೇ ಬರೆಯಬೇಕು; ಹೆಚ್ಚಾದರೆ ಉಸಿರಾಟ ಕುಗ್ಗುತ್ತದೆ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ.

ಅಕ್ಕನ ಮಗನಿಗೆ ಸೆಳೆತ ಬಂದಾಗ ಸ್ಪ್ರೇ ಮನೆಯಲ್ಲೇ ಇತ್ತು. ಚೀಟಿ ಇಂಗ್ಲಿಷಿನಲ್ಲಿತ್ತು, ಅಕ್ಕನಿಗೆ ಓದೋಕಾಗಲಿಲ್ಲ. ಈಗ ವೈದ್ಯರನ್ನು ಕೇಳಿ ಅದನ್ನೇ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಗಡಿಯಲ್ಲಿ ಕನ್ನಡ ಉಳಿಸೋದು ಅಂದರೆ ನನಗೆ ಇದೂ ಹೌದು.