ಗೆಳೆಯರಿಂದ ಬರುವ ಭಾಷೆ

ಬೆಂಗಳೂರಿನ ಸಾರಕ್ಕಿಯಲ್ಲಿ ಮನೆ ಇರುವ ಯಾರಿಗಾದರೂ ಇವತ್ತು ಸಂಜ್ಞಾ ಭಾಷೆ ಕಲಿಯಬೇಕು ಅನ್ನಿಸಿದರೆ ಮೊದಲ ಮೆಟ್ಟಿಲು ಮೊಬೈಲಿನಲ್ಲೇ ಇದೆ. ದಿಲ್ಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ವಿಡಿಯೊ ನಿಘಂಟು ಹೊರತಂದಿತು. 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ದಿನಾ ಸಂಜೆ ಶ್ರದ್ಧೆಯಿಂದ ಕೂತರೆ ನೂರಾರು ಪದ ಕೈಗೆ ಹತ್ತುತ್ತವೆ. ಕಿವುಡರೊಬ್ಬರ ಎದುರು ನಿಂತಾಗಲೇ ಕಷ್ಟ ಗೊತ್ತಾಗುವುದು. ಅವರು ಕೈಯೆತ್ತಿ ಮಾತು ಶುರು ಮಾಡುತ್ತಿದ್ದಂತೆ, ಕಲಿತ ಪದಗಳು ಕಣ್ಣೆದುರೇ ಹಾದುಹೋದರೂ ಒಂದೂ ಕೈಗೆ ಸಿಗುವುದಿಲ್ಲ.

ಇದಕ್ಕೆ ಕಾರಣ ಈ ಭಾಷೆ ಒಬ್ಬರಿಂದ ಒಬ್ಬರಿಗೆ ದಾಟುವ ರೀತಿ. ಕನ್ನಡ ನಮಗೆ ಮನೆಯಲ್ಲಿ ಬಂತು. ಕಿವುಡ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಕಿವಿ ಕೇಳುವ ತಂದೆ ತಾಯಿಗೆ, ಅಂಥ ಮನೆಯಲ್ಲಿ ಅವರ ಭಾಷೆ ಆಡುವವರೇ ಇರುವುದಿಲ್ಲ. ಶಾಲೆಗೆ ಸೇರಿದ ಮೇಲೆ, ಅಲ್ಲೂ ಪಾಠದ ಕೋಣೆಗಿಂತ ಹೆಚ್ಚಾಗಿ ಹಾಸ್ಟೆಲಿನಲ್ಲಿ, ಊಟದ ಸಾಲಿನಲ್ಲಿ, ಆಟದ ಬಯಲಿನಲ್ಲಿ ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುತ್ತಾರೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಕಿವುಡರ ಶಾಲೆಯಲ್ಲಿ ಬಾಯಿಮಾತನ್ನೇ ಕಲಿಸಬೇಕು, ಕೈಸನ್ನೆ ಕೂಡದು ಎಂದು ಗೊತ್ತುವಳಿ ಮಾಡಿತು. ಆ ಧೋರಣೆ ನಮ್ಮ ದೇಶದ ಶಾಲೆಗಳಿಗೂ ಬಂತು, ಬಹುಕಾಲ ಉಳಿಯಿತು. ಮೇಷ್ಟ್ರು ಬೇಡವೆಂದ ಭಾಷೆಯನ್ನು ಮಕ್ಕಳು ತಮ್ಮತಮ್ಮಲ್ಲೇ ಕಾಪಾಡಿಕೊಂಡರು. ಅವರ ಆ ಹಠಕ್ಕೆ ನಾನು ಕೈಮುಗಿಯುತ್ತೇನೆ.

ಹಾಗೆ ಉಳಿದುಬಂದ ಭಾಷೆಯನ್ನು 1970ರ ದಶಕದಲ್ಲಿ ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಮೊದಲಾದ ವಿದ್ವಾಂಸರು ದಿಲ್ಲಿ, ಕೋಲ್ಕತ್ತ, ಮುಂಬೈ ಮತ್ತು ನಮ್ಮ ಬೆಂಗಳೂರಿನಲ್ಲಿ ದಾಖಲಿಸಿದರು. ವಸಿಷ್ಠ ಸ್ವತಃ ಕಿವುಡರು. ನಾಲ್ಕೂ ಊರುಗಳ ಸಂಜ್ಞೆಗಳು ಹತ್ತಿರದ ಬಳಗದವು ಎಂದು ಈ ವಿದ್ವಾಂಸರು ತೋರಿಸಿಕೊಟ್ಟರು. ಬೆಂಗಳೂರಿನ ರೂಢಿಗೆಂದೇ ಅಮೆರಿಕದ ಕಿವುಡರ ಕಾಲೇಜಾದ ಗ್ಯಾಲಡೆಟ್‌ನಿಂದ 1980ರ ದಶಕದಲ್ಲಿ ಒಂದು ಪರಿಚಯ ಪುಸ್ತಕ ಬಂತು.

ಕನ್ನಡದವರಿಗೆ ಈ ಭಾಷೆಯ ವ್ಯಾಕರಣ ಅಷ್ಟೇನೂ ದೂರದ್ದಲ್ಲ. ಕ್ರಿಯೆ ಕೊನೆಗೆ ಬರುತ್ತದೆ. ಪ್ರಶ್ನೆಯೂ ಕೊನೆಗೇ, ‘ಊರಿಗೆ ಹೋಗೋದು ಯಾವಾಗ’ ಎಂದು ನಾವು ಕೇಳುವ ಹಾಗೆ. ಪ್ರಶ್ನೆಗೆ ಒಂದು ಸಾಮಾನ್ಯ ಸಂಜ್ಞೆ ಇದೆ. ಜಾಗದ ಸಂಜ್ಞೆಯ ಜೊತೆ ಅದು ಸೇರಿದರೆ ‘ಎಲ್ಲಿ’, ಹೊತ್ತಿನ ಜೊತೆ ಸೇರಿದರೆ ‘ಯಾವಾಗ’, ಮುಖದ ಜೊತೆ ಸೇರಿದರೆ ‘ಯಾರು’. ಹೌದು ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯಲ್ಲಂತೂ ಕೈಗೆ ಹೆಚ್ಚಿನ ಕೆಲಸವೇ ಇಲ್ಲ. ‘ಊಟ ಆಯ್ತು’ ಅನ್ನುವುದಕ್ಕೂ ‘ಊಟ ಆಯ್ತಾ’ ಅನ್ನುವುದಕ್ಕೂ ಕೈ ಆಡುವುದು ಒಂದೇ ಥರ. ಹುಬ್ಬು ಮೇಲೇರಿ ತಲೆ ಚೂರು ಮುಂದೆ ಬಂದರೆ ಅದು ಪ್ರಶ್ನೆ. ನಮ್ಮ ಮಾತಿನ ಕೊನೆಯ ಆ ದೀರ್ಘ ಮಾಡುವ ಕೆಲಸವನ್ನು ಅಲ್ಲಿ ಹುಬ್ಬು ಮಾಡುತ್ತದೆ. ಹೊಸದಾಗಿ ಕಲಿಯುವವರು ಬೆರಳನ್ನೇ ನೋಡುತ್ತಾ ಮುಖವನ್ನು ಬಿಗಿಹಿಡಿದಿರುತ್ತಾರೆ. ಕಿವುಡರ ದೃಷ್ಟಿ ಇರುವುದು ಮಾತ್ರ ಮುಖದ ಮೇಲೇ. ಇದನ್ನು ವಿಡಿಯೊ ತಿದ್ದುವುದಿಲ್ಲ, ಎದುರು ಕೂತ ಮನುಷ್ಯರೇ ತಿದ್ದಬೇಕು. ಒಮ್ಮೆ ಬಂದುಬಿಟ್ಟರೆ ಜೆ.ಪಿ. ನಗರ ಮೆಟ್ರೊ ನಿಲ್ದಾಣದಲ್ಲಿ ಹಳಿಯ ಆಚೆಗಿನ ಪ್ಲಾಟ್‌ಫಾರಂನಲ್ಲಿರುವ ಗೆಳೆಯರ ಜೊತೆ ಕೂಗಾಡದೆ ಹರಟಬಹುದು. ಬಾಯಿಮಾತಿಗೆ ಆ ಭಾಗ್ಯವಿಲ್ಲ.

ಕಿವಿ ಕೇಳುವವರೂ ಕಿವುಡರ ಸಂಗದಿಂದಲೇ ಸಂಜ್ಞೆ ಕಲಿತ ಊರೊಂದು ನಮ್ಮ ರಾಜ್ಯದಲ್ಲಿದೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ತಲೆಮಾರುಗಳಿಂದ ಕಿವುಡರ ಸಂಖ್ಯೆ ಹೆಚ್ಚು. ಹಾಗಾಗಿ ಅಲ್ಲಿ ತನ್ನದೇ ಆದ ಸಂಜ್ಞಾ ಭಾಷೆ ಹುಟ್ಟಿಕೊಂಡಿತು. ಕಿವುಡ ವಿದ್ವಾಂಸ ಶಿಬಾಜಿ ಪಂಡಾ ಅದನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ. ಅಲ್ಲಿ ಕಿವುಡರಲ್ಲದ ನೆಂಟರು, ನೆರೆಯವರು ಕೂಡ ಕೈಯಲ್ಲಿ ಮಾತಾಡಬಲ್ಲರು. ಹೊರಗಿನ ಶಾಲೆಗಳಿಗೆ ಹೋಗುವ ಹುಡುಗರು ಭಾರತೀಯ ಸಂಜ್ಞಾ ಭಾಷೆಯನ್ನು ತರುತ್ತಿರುವುದರಿಂದ ಊರಿನ ಭಾಷೆ ಸೊರಗುತ್ತಿದೆ ಎಂಬುದು ಬೇಸರದ ಸಂಗತಿ. ಅಲೀಪುರದ ನೆರೆಹೊರೆಯವರು ಮಾಡಿದ್ದನ್ನು ಸಾರಕ್ಕಿ ಮಾರ್ಕೆಟ್ಟಿನ ತರಕಾರಿ ಅಂಗಡಿಯವರೂ ಮಾಡಬಹುದು. ಬೆಲೆ, ತೂಕ, ಚಿಲ್ಲರೆ, ‘ನಾಳೆ ಬನ್ನಿ’, ಇಷ್ಟಕ್ಕೆ ಬೇಕಾದ ಸಂಜ್ಞೆಗಳು ಬೆರಳೆಣಿಕೆಯಷ್ಟು.

ದೊಡ್ಡ ಜಾಗಗಳಿಗೆ ಅಷ್ಟು ಸಾಲದು. ಬೆಂಗಳೂರಿನಲ್ಲಿ ಕಾನೂನು ಓದಿದ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಲಾಪದಲ್ಲಿ ಇಂಟರ್‌ಪ್ರಿಟರ್ ನೆರವಿನಿಂದ ಭಾಗವಹಿಸಿದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ವಾದವನ್ನೇ ಮಂಡಿಸಿದರು. ಕಕ್ಷಿದಾರರ ಪರವಾಗಿ ಅವರು ಎತ್ತಿದ ಪ್ರತಿಯೊಂದು ಅಂಶವೂ ತಡವಿಲ್ಲದೆ, ತಿರುಚಿಕೊಳ್ಳದೆ ನ್ಯಾಯಪೀಠ ಮುಟ್ಟಬೇಕಿತ್ತು. ಅಂಥ ಇಂಟರ್‌ಪ್ರಿಟರ್‌ಗಳು ದೇಶದಲ್ಲಿ ತೀರಾ ಕಡಿಮೆ. ಆಸ್ಪತ್ರೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಬ್ಯಾಂಕಿನಲ್ಲಿ ಕಿವುಡರು ಇವತ್ತಿಗೂ ಚೀಟಿ ಬರೆದು ತೋರಿಸುತ್ತಾ ಕಾಯುತ್ತಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷ ಇರುವವರು 50 ಲಕ್ಷಕ್ಕೂ ಹೆಚ್ಚು ಎಂಬುದನ್ನು ನೆನೆದರೆ ಈ ಕೊರತೆ ಸಂಕಟ ತರುತ್ತದೆ.

ಕಲಿಯಲು ಹೊರಟವರು ಕಿವುಡರ ನಡುವೆ ಅತಿಥಿಗಳು. ಕರೆಯಬೇಕಾದರೆ ಮೆತ್ತಗೆ ಭುಜ ತಟ್ಟಬೇಕು ಅಥವಾ ಕೈಬೀಸಬೇಕು. ಮಾತಿನ ನಡುವೆ ಕಣ್ಣು ಬೇರೆಡೆ ತಿರುಗಿಸುವುದೆಂದರೆ ಕಿವಿ ಮುಚ್ಚಿಕೊಂಡ ಹಾಗೆ. ಕಿವಿ ಕೇಳುವ ಇಬ್ಬರು ವಿದ್ಯಾರ್ಥಿಗಳು ಅವರೆದುರೇ ಬಾಯಲ್ಲಿ ಪಿಸುಗುಡುವುದು ಸಲ್ಲದು, ಗೊತ್ತಿದ್ದಷ್ಟು ಕೈಯಲ್ಲೇ ಆಡಬೇಕು. ಒಡನಾಟ ಬೆಳೆದ ಮೇಲೆ ಅವರೇ ನಿಮಗೊಂದು ಸಂಜ್ಞೆಯ ಹೆಸರು ಇಡುತ್ತಾರೆ, ಕೆನ್ನೆಯ ಗುಳಿಯೋ ಕನ್ನಡಕವೋ ನಗುವೋ ಅದಕ್ಕೆ ಆಧಾರ. ಅದನ್ನು ತಾವೇ ಇಟ್ಟುಕೊಳ್ಳುವಂತಿಲ್ಲ.

ಇಂಟರ್‌ಪ್ರಿಟರ್ ಆಗಬಯಸುವವರಿಗೆ ಎರಡು ವರ್ಷದ ಡಿಪ್ಲೊಮಾ ಇದೆ. ಈ ಭಾಷೆಯನ್ನು ಕಲಿಸುವ ಡಿಪ್ಲೊಮಾ ಬೇರೆ, ಅದು ಕಿವುಡರಿಗಾಗಿಯೇ ಇರುವುದು. ಆದ್ದರಿಂದ ಜಯನಗರದಲ್ಲೋ ಜೆ.ಪಿ. ನಗರದಲ್ಲೋ ಆನ್‌ಲೈನಿನಲ್ಲೋ ತರಗತಿ ಹುಡುಕುವವರು ಶುಲ್ಕ ಎಷ್ಟೆಂದು ಕೇಳುವ ಮೊದಲು ಕಲಿಸುವವರು ಕಿವುಡರೇ ಎಂದು ಕೇಳಿಕೊಳ್ಳಿ. ಇಷ್ಟು ಕಾಲ ಈ ಭಾಷೆಯನ್ನು ಉಳಿಸಿಕೊಂಡು ಬಂದವರು ಅವರು. ಕಲಿಸುವ ಗೌರವವೂ ಸಂಬಳವೂ ಮೊದಲು ಅವರಿಗೇ ಸಲ್ಲಬೇಕು.